ಕುಸುರೆಳ್ಳಿನ ಬೋರಮಾಳಕ್ಕೆ ಹಾಕಿದ ಗಂಟು

ಜನವರಿ ಹತ್ತು, ಶನಿವಾರ. ಬೆಳಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ. ಹೊರಗೆ ಮೋಡ ಕವಿದಿದೆ, ಚಳಿ ಇಲ್ಲ. ಮುಂದಿರುವ ತಾಟಿನಲ್ಲಿ ಕುಸುರೆಳ್ಳು, ಪಕ್ಕದಲ್ಲಿ ಬಿಳಿ ದಾರದ ಉಂಡೆ. ನಿನ್ನೆ ಸಂಜೆಯಿಂದ ನಾನು ಕಟ್ಟಿದ ಕಾಳುಗಳೆಲ್ಲ ದಾರದಿಂದ ಒಂದೊಂದಾಗಿ ಜಾರಿ ನೆಲದ ಮೇಲೆ ಬಿದ್ದಿವೆ. ಇರುವೆಗಳಿಗೆ ಸುದ್ದಿ ಆಗಲೇ ಮುಟ್ಟಿದೆ. ಬರುವ ವಾರ ನಮ್ಮಣ್ಣನ ಕೂಸಿನ ಮೊದಲ ಸಂಕ್ರಮಣ. ಅದರ ಕೊರಳಿಗೆ ಒಂದು ಸರವನ್ನಾದರೂ ಕಟ್ಟುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ಈಗ ಎದ್ದು ಹೋಗುವ ಹಾಗೂ ಇಲ್ಲ, ಕೂತು ಕಟ್ಟುವ ಹಾಗೂ ಇಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಆಗೆಲ್ಲ ಸಂಕ್ರಮಣ ಹತ್ತಿರ ಬಂದದ್ದು ಮೊದಲು ಮೂಗಿಗೆ ತಿಳಿಯುತ್ತಿತ್ತು. ನಮ್ಮೂರು ಸವಣೂರು ತಾಲೂಕಿನದು, ಯಲವಿಗಿಯ ರೈಲು ಕೂಗಿದರೆ ಹಿತ್ತಲಿಗೆ ಕೇಳಿಸುವಷ್ಟು ದೂರ. ಬೆಳಗಿನ ಚಳಿಯಲ್ಲಿ ಎಳ್ಳು ಹುರಿಯುವ ವಾಸನೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುತ್ತಿತ್ತು. ಹೊಲದಿಂದ ಕಿತ್ತು ತಂದ ಕಡಲೆ ಗಿಡಗಳನ್ನು ಕಟ್ಟೆಯ ಮೇಲೆ ಒಗೆದು, ಹಸಿ ಕಾಳನ್ನು ಸುಲಿದು ತಿನ್ನುತ್ತ ನಾವು ಹುಡುಗಿಯರು ಆಣಿಕಲ್ಲು ಆಡುತ್ತಿದ್ದೆವು. ಆ ಗಿಡದ ಹುಳಿ ಬೆರಳಿಗೆ ಹತ್ತಿದರೆ ದಿನವೆಲ್ಲ ಬೆರಳು ನೆಕ್ಕುವುದೇ ಒಂದು ಊಟ.

ಅದೇ ಹೊತ್ತಿಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪರಾತವೆಂಬ ಅಗಲ ಹಿತ್ತಾಳೆ ತಾಟನ್ನು ಹುಣಸೆಹಣ್ಣಿನಿಂದ ತಿಕ್ಕಿ ಹಿತ್ತಲಿನಲ್ಲಿ ಕೆಂಡದ ಶೆಗಡಿಯ ಮೇಲೆ ಇಡುತ್ತಿದ್ದಳು. ಕುಸುರೆಳ್ಳು ಮಾಡುವುದೆಂದರೆ ಸಹನೆಗೆ ಸಕ್ಕರೆ ಬಳಿಯುವ ಕೆಲಸ. ಮಂದ ಕಾವಿನ ಮೇಲೆ ಬಿಳಿ ಎಳ್ಳು ಹರವಬೇಕು. ಚಮಚದ ತುದಿಯಿಂದ ಒಂದು ಹನಿ ಸಕ್ಕರೆ ಪಾಕ ಬಿಡಬೇಕು. ಅದು ಒಣಗುವ ತನಕ ಬೆರಳಿನಿಂದ ಎಳ್ಳನ್ನು ತಿರುಗಿಸುತ್ತಲೇ ಇರಬೇಕು. ಆಮೇಲೆ ಇನ್ನೊಂದು ಹನಿ. ಹೀಗೆ ದಿನಗಟ್ಟಲೆ ನಡೆದ ಮೇಲೆ ಪ್ರತಿ ಕಾಳಿನ ಮೈತುಂಬ ಸಣ್ಣ ಸಣ್ಣ ಸಕ್ಕರೆಯ ಮುಳ್ಳು ಏಳುತ್ತವೆ. ಚಳಿ ಗಟ್ಟಿಯಾಗಿದ್ದರೆ ಮಾತ್ರ ಏಳುತ್ತವೆ. ಬೋರಮಾಳಕ್ಕೆ ಗುಂಡು ಕಾಳು ಬೇಕಾದಾಗ ಎಳ್ಳಿನ ಬದಲು ಪುಟಾಣಿಯ, ಅಂದರೆ ಹುರಿಗಡಲೆಯ, ಮೇಲೆ ಪಾಕ ಏರಿಸುತ್ತಿದ್ದಳು, ಝುಮಕಿಗೆ ಲವಂಗದ ಮೇಲೆ.

ನಾನು ಆಗಲೂ ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಹುಡುಗಿಯೇ. ಪೆನ್ಸಿಲ್ ಹಿಡಿದು ಅವಳ ಎದುರು ಕೂರುತ್ತಿದ್ದೆ.

"ಪಾಕ ಎಷ್ಟು ಹಾಕಬೇಕು ಆಯಿ?"

"ಹಿಡಿಸಿದಷ್ಟು."

"ಎಷ್ಟೊತ್ತು ತಿರಗಸಬೇಕು?"

"ಸಾಕು ಅನ್ನೂತನ."

"ಯಾರು ಸಾಕು ಅನ್ನೂತನ?"

"ಎಳ್ಳು. ಮತ್ತ್ಯಾರು ಅಂತಾರ? ಸರಿ ಅತ್ಲಾಗ, ನೆಳ್ಳ ಬೀಳಾಕತ್ತೈತಿ."

ಇಂಥ ಉತ್ತರಗಳನ್ನು ಬರೆದುಕೊಂಡು ಯಾರಿಗೆ ಏನು ಪ್ರಯೋಜನ ಹೇಳಿ. ಪುಟದ ತುಂಬ ಪ್ರಶ್ನೆಗಳಿದ್ದವು, ಎದುರಿಗೆಲ್ಲ ಖಾಲಿ.

ಆಯಿಗೆ ಎಳ್ಳು ಮಾಡುವುದು ಗೊತ್ತು, ಆಭರಣ ಕಟ್ಟುವುದು ಗೊತ್ತಿಲ್ಲ. ಕಟ್ಟುವವಳು ಸಣ್ಣಾಯಿ. ಅವಳು ಆಯಿಯ ನೆಗೆಣ್ಣಿ, ಅಜ್ಜನ ತಮ್ಮನ ಹೆಂಡತಿ. ಒಂದೇ ಮನೆಯ ನಡುವೆ ಗೋಡೆ ಎದ್ದು ಎರಡಾಗಿತ್ತು, ಆಚೆ ಅವರು, ಈಚೆ ನಾವು. ಹಿತ್ತಲಿನಲ್ಲಿ ಮಾತ್ರ ಆ ಗೋಡೆ ಸೊಂಟದೆತ್ತರಕ್ಕೆ ನಿಂತಿತ್ತು, ಇಟ್ಟಂಗಿ ಸಾಲಲಿಲ್ಲವಂತೆ. ಸಣ್ಣಾಯಿ ಸವಣೂರಿನ ಸಂತೆಗೆ ಹೋದಾಗ ಬಂಗಾರದ ಅಂಗಡಿಯ ಗಾಜಿನ ಕಪಾಟಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತು ಬರುತ್ತಿದ್ದಳು. ಏನೂ ಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಬಿಗಿಯಾಗಿ ಎಳೆದು, ಅಲ್ಲಿ ನೋಡಿದ್ದನ್ನು ಕುಸುರೆಳ್ಳಿನಲ್ಲಿ ಕಟ್ಟುತ್ತಿದ್ದಳು. ಕೊರಳಿಗೆ ಅಂಟಿ ಕೂರುವ ಟೀಕಿ, ಎದೆಗಿಳಿಯುವ ಬೋರಮಾಳ, ತೋಳಿಗೆ ವಂಕಿ, ಕೈಗೆ ಬಿಲ್ವಾರ. ಕಾಳಿಗೆ ತೂತು ಹಾಕುವ ಹಾಗಿಲ್ಲ, ಹಾಕಿದರೆ ಒಡೆಯುತ್ತದೆ. ಪ್ರತಿ ಕಾಳಿಗೂ ದಾರ ಸುತ್ತಿ ಗಂಟು ಬಿಗಿಯಬೇಕು. ದಾರ ಜಾರದೆ ನಿಲ್ಲುವುದು ಆ ಮುಳ್ಳುಗಳ ನಡುವೆ ಸಿಕ್ಕಿಕೊಂಡು. ಅದಕ್ಕೇ ಆ ಗಂಟಿಗೆ ಮುಳ್ಳಗಂಟು ಅಂತಲೇ ಹೆಸರು. ಆಯಿಯ ಮುಳ್ಳಿಲ್ಲದೆ ಸಣ್ಣಾಯಿಯ ಗಂಟಿಲ್ಲ. ಸಣ್ಣಾಯಿಯ ಗಂಟಿಲ್ಲದಿದ್ದರೆ ಆಯಿಯ ಎಳ್ಳು ಬರೀ ಡಬ್ಬಿಯ ತಿನಿಸು.

ಇಂಥ ಇಬ್ಬರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ನಾನು ಹೇಳುತ್ತಿರುವ ಸಂಕ್ರಮಣಕ್ಕೆ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಅದಕ್ಕೂ ಮುಂಚಿನ ಮಳೆಗಾಲದಲ್ಲಿ ನಮ್ಮ ಅಜ್ಜ ತೀರಿಕೊಂಡಿದ್ದರು. ಅದರ ಬೆನ್ನಿಗೆ ಬಂದ ಸಂಕ್ರಮಣಕ್ಕೆ ಆಯಿ ಎಂದಿನಂತೆ ಕುಸುರೆಳ್ಳು ಮಾಡಿ, ಬಟ್ಟಲು ತುಂಬಿ ಗೋಡೆಯ ಮೇಲಿಟ್ಟಳು. ಸಣ್ಣಾಯಿ ಒಂದು ಹಿಡಿ ಎತ್ತಿಕೊಂಡು ಬೆಳಕಿಗೆ ಹಿಡಿದು, "ಅಯ್ಯ, ಈ ಸಲ ಬೋಳ ಅದಾವಲ್ಲ ಅಕ್ಕಾರ," ಅಂದಳು. ಅಷ್ಟೇ. ಆಯಿ ಬಟ್ಟಲನ್ನು ವಾಪಸು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದ ಮಾತು ಬಂದ್.

ಎಳ್ಳಿಗೆ ಮುಳ್ಳು ಕಡಿಮೆ ಬಂದಿತ್ತು, ಅದನ್ನು ಬೋಳು ಅಂದರೆ ತಪ್ಪೇನು ಎಂದು ನನಗೆ ತಿಳಿಯಲಿಲ್ಲ. ಸಣ್ಣಾಯಿಗೂ ತಿಳಿದಿರಲಿಲ್ಲ. "ಎಳ್ಳಿನ ಸಲವಾಗಿ ಇಷ್ಟು ಸೆಡವ ಮಾಡವರನ್ನ ನಾ ಎಲ್ಲೂ ಕಂಡಿಲ್ಲ," ಎಂದು ಊರೆಲ್ಲ ಹೇಳುತ್ತಿದ್ದಳು.

ಇಬ್ಬರ ನಡುವೆ ತಂತಿ ಕಂಬ ನಾನು. ಇಬ್ಬರೂ ಕೂರುತ್ತಿದ್ದದ್ದು ಗೋಡೆಯ ಆಚೆ ಈಚೆ, ಒಬ್ಬರ ಉಸಿರು ಒಬ್ಬರಿಗೆ ಕೇಳಿಸುವಷ್ಟು ಹತ್ತಿರ.

"ಶೈಲಿ, ನಿಮ್ಮ ಆಯಿಗೆ ಹೇಳವಾ, ನಮ್ಮ ಬೆಕ್ಕ ಆಕಡೆ ಬಂದೈತಿ, ಹಾಲಿನ ಮ್ಯಾಲ ಮುಚ್ಚಳ ಹಾಕ್ರಿ ಅಂತ."

ಆಯಿ ತಲೆ ಎತ್ತದೆ, "ಮುಚ್ಚಳ ಹಾಕೂದು ನಮಗ ಗೊತ್ತೈತಿ ಅಂತ ಹೇಳು. ಹೇಳೂದಿದ್ರ ಬೆಕ್ಕಿಗೆ ಹೇಳಾಕ ಹೇಳು."

"ಸಣ್ಣಾಯಿ, ಬೆಕ್ಕಿಗೆ ಹೇಳಬೇಕಂತ."

"ಕೇಳಿಸ್ತು."

"ಕೇಳಿಸ್ತಂದ ಮ್ಯಾಲ ನಾ ಯಾಕ ಹೇಳಬೇಕು?"

ನಾನು ಸಿಟ್ಟಿಗೆ ಇದ್ದಿಲಿನ ಚೂರಿನಿಂದ ಗೋಡೆಯ ಮೇಲೆ ಗೀಟು ಹಾಕತೊಡಗಿದೆ, ಆಯಿಯ ಒಂದೊಂದು ಹೇಳಿಕೆಗೆ ಈ ಮಗ್ಗುಲು, ಸಣ್ಣಾಯಿಯ ಒಂದೊಂದು ಹೇಳಿಕೆಗೆ ಆ ಮಗ್ಗುಲು. ವಾರದ ಕೊನೆಗೆ ಎಣಿಸಿದರೆ ಎರಡೂ ಸರಿಸಮ. ಅದರಲ್ಲೂ ಒಬ್ಬರಿಗೊಬ್ಬರು ಸೋಲುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಬಸುಕಾಕಾನ ಮದುವೆಯಾಯಿತು. ಬಸುಕಾಕಾ ಆಯಿಯ ಕಿರಿಯ ಮಗ. ಹಿರೇಕೆರೂರು ಕಡೆಯ ಅಬಲೂರಿನಿಂದ ಚಿಗವ್ವ ಬಂದಳು. ಹೊಸ ಸೊಸೆಯ ಮೊದಲ ಸಂಕ್ರಮಣಕ್ಕೆ ಕಪ್ಪು ಸೀರೆ ಉಡಿಸಿ, ಮೈತುಂಬ ಕುಸುರೆಳ್ಳಿನ ಆಭರಣ ತೊಡಿಸಿ ಆರತಿ ಮಾಡಬೇಕು. ಅದನ್ನು ನೋಡಲು ಅವಳ ತವರಿನವರು ಬರುತ್ತಾರೆ. ಚಿಗವ್ವ ಮಾತು ಕಡಿಮೆ. ಆದರೆ ಒಂದು ದಿನ ಬಾವಿಯ ಹತ್ತಿರ ನನಗೊಬ್ಬಳಿಗೇ ಹೇಳಿದಳು. ಅವಳ ಅಕ್ಕನ ಮೊದಲ ಸಂಕ್ರಮಣಕ್ಕೆ ಅತ್ತೆಮನೆಯವರು ಪೇಟೆಯಿಂದ ಒಂದು ಕಾಗದದ ಹಾರ ತಂದು ಹಾಕಿದ್ದರಂತೆ. ತವರಿನವರ ಎದುರೇ ಅಕ್ಕ ಎದ್ದು ಒಳಗೆ ಹೋಗಿ ಅತ್ತಿದ್ದಳಂತೆ.

"ನಾ ನಮ್ಮವ್ವಗ ಹೇಳೀನಿ ಶೈಲಿ, ನಮ್ಮ ಅತ್ತಿ ಮನ್ಯಾಗ ಮಾಡೂ ಕೈನೂ ಅದಾವು, ಕಟ್ಟೂ ಕೈನೂ ಅದಾವು, ನೀ ಬಂದು ನೋಡು ಅಂತ."

ಹೇಳಿದ್ದು ಸರಿ. ಮಾಡುವ ಕೈ ಕಟ್ಟುವ ಕೈಗಳ ನಡುವೆ ಮಾತಿಲ್ಲ ಅನ್ನುವುದನ್ನು ಅವಳು ತವರಿಗೆ ಹೇಳಿರಲಿಲ್ಲ.

ಒಂದು ವಿಷಯದಲ್ಲಿ ಇಬ್ಬರೂ ಒಪ್ಪಿದರು, ನನ್ನ ಬಾಯಿಂದಲೇ. ಆಯಿ ಎಳ್ಳು ಕಳಿಸುವುದು, ಸಣ್ಣಾಯಿ ಕಟ್ಟುವುದು. "ಜಗಳ ನನ್ನದು ಆಕಿದು. ಆ ಹುಡುಗಿದೇನ ಐತಿ?" ಎಂದು ಸಣ್ಣಾಯಿ ಅಂದದ್ದನ್ನು ನಾನು ಹಾಗೆಯೇ ಒಪ್ಪಿಸಿದೆ. ಆಯಿ ಅಂದೇ ಎಳ್ಳು ಆರಿಸಲು ಕೂತಳು.

ಆದರೆ ಆ ವರ್ಷ ಚಳಿಯೇ ಬರಲಿಲ್ಲ. ಬೆಳಗಾದರೆ ಮೋಡ, ಮಧ್ಯಾಹ್ನ ಸೆಕೆ. ಆಯಿ ದಿನವಿಡೀ ಕೂತು ತಿರುಗಿಸಿದಳು. ಕಾಳು ದಪ್ಪವಾದವು, ಬಿಳಿಯಾದವು, ಆದರೆ ಔಷಧಿ ಗುಳಿಗೆಯ ಹಾಗೆ ನುಣ್ಣಗೆ. ಒಂದು ಮುಳ್ಳಿಲ್ಲ. ಮೊದಲ ಪಾಳಿಯನ್ನು ನಮಗೆ ಹಂಚಿಬಿಟ್ಟಳು. ನಾವು ಕುಣಿದಾಡಿ ತಿಂದೆವು. ಎರಡನೆಯ ಪಾಳಿಯೂ ಹಾಗೇ ಆಯಿತು. ಅದನ್ನೂ ತಿಂದೆವು, ಈ ಸಲ ಸ್ವಲ್ಪ ಹೆದರಿ. ಆಯಿ ಸಕ್ಕರೆಯನ್ನು ಬೈದಳು, ಇದ್ದಿಲನ್ನು ಬೈದಳು, ರೈಲಿನ ಹೊಗೆಯನ್ನು ಬೈದಳು. ಆ ರೈಲಿಗೆ ಹೊಗೆ ಎಷ್ಟಿತ್ತು ದೇವರಿಗೇ ಗೊತ್ತು. ಕೊನೆಗೆ ನನ್ನ ಪಾಳಿ ಬಂತು.

"ಇಲ್ಲಿ ಕುಂತು ವಟವಟ ಅನಬ್ಯಾಡ. ಜಗಳದ ಮನ್ಯಾಗ ಎಳ್ಳಿಗೆ ಮುಳ್ಳ ಬರೂದಿಲ್ಲ."

"ನೀ ಸಣ್ಣಾಯಿ ಜೋಡಿ ಜಗಳಾಡಿ ಅಲ್ಲ?"

"ಮಾತ ಇಲ್ಲಂದ ಮ್ಯಾಲ ಜಗಳ ಎಲ್ಲಿಂದ ಬರತೈತಿ?"

ಇದಕ್ಕೆ ಏನು ಹೇಳುತ್ತೀರಿ?

ಸಂಜೆಯಾದರೆ ಚಿಗವ್ವ ದೀಪಕ್ಕೆ ಎಣ್ಣೆ ಹಾಕುತ್ತ ಪಿಸುಗುಡುತ್ತಿದ್ದಳು, "ಮುಳ್ಳ ಬಂದ್ವೇನ ಶೈಲಿ?" ಇಲ್ಲ ಅನ್ನುತ್ತಿದ್ದೆ. ಗೋಡೆಯಾಚೆಯಿಂದ ಸಣ್ಣಾಯಿ, "ಎಳ್ಳು ಯಾವಾಗ ಕಳಸ್ತಾರಂತ ಕೇಳವಾ?" ಆಯಿ, "ಆದ ಮ್ಯಾಲ ಅಂತ ಹೇಳು." ಎಳ್ಳಿಗೆ ಮುಳ್ಳು ಬಂದಿಲ್ಲ ಅನ್ನುವುದನ್ನು ಮಾತ್ರ ಆಚೆ ಹೇಳಕೂಡದು ಎಂದು ನನಗೆ ಕಟ್ಟಪ್ಪಣೆ. ಬಟ್ಟಲು ಗೋಡೆಯ ಮೇಲಿಟ್ಟರೆ ಸಣ್ಣಾಯಿ ನೋಡುತ್ತಾಳೆ, ನೋಡಿದರೆ ಆ ಪದ ಮತ್ತೆ ಅನ್ನುತ್ತಾಳೆ. ಆಯಿಗೆ ಅದೊಂದೇ ಭಯ. ಸೊಸೆಯ ಕೊರಳು ಬರಿದಾದರೂ ಸರಿ, ಆ ಬಟ್ಟಲು ಮಾತ್ರ ಗೋಡೆ ಏರುವ ಹಾಗಿಲ್ಲ.

ಭೋಗಿಯ ದಿನ ಬಂತು, ಮಾರನೆಯ ದಿನ ಸಂಕ್ರಮಣ. ಬೆಳಗ್ಗೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬೇಯಿಸಿದ್ದಾಗಿತ್ತು, ಎಣ್ಣೆಗಾಯಿಯ ಘಮ ಓಣಿಯೆಲ್ಲ ಹರಡಿತ್ತು. ಆಯಿ, ಸಣ್ಣಾಯಿ ಇಬ್ಬರೂ ನನಗೆ ಎರಡು ತುತ್ತು ನೆಮ್ಮದಿಯಿಂದ ತಿನ್ನಲು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಣ್ಣಾಯಿ ಆಚೆ ಚಾಪೆ ಹಾಸಿ, ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಕೂತಿದ್ದಳು. ಈಚೆ ಆಯಿ ಮೂರನೆಯ ಪಾಳಿಯ ಮುಂದೆ ಕೂತಿದ್ದಳು. ಹಿತ್ತಲ ಬಾಗಿಲಲ್ಲಿ ಚಿಗವ್ವ, ಮಡಿಚಿದ ಕಪ್ಪು ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಅವಳ ಹಿಂದೆ ನಮ್ಮವ್ವ.

"ಶೈಲಿ, ನಿಮ್ಮ ಆಯಿಗೆ ಹೇಳು, ಈಗ ಕಳಸಿದ್ರ ದೀಪ ಹಚ್ಚೂದ್ರಾಗ ಟೀಕಿ, ಬೋರಮಾಳ, ಬಿಲ್ವಾರ ಮುಗಸ್ತೇನಿ. ಇಲ್ಲಿಕಂದ್ರ ಆಮ್ಯಾಲ ನನ್ನ ಅನಬ್ಯಾಡ್ರಿ ಅಂತ."

"ಇನ್ನಾ ಆಗಿಲ್ಲ ಅಂತ ಹೇಳು."

"ಎಷ್ಟ ಆಗ್ಯಾವ ಅಷ್ಟ ಕಳಸ್ರಿ ಅಂತ ಹೇಳು."

"ಅರ್ಧಾ ಮರ್ಧಾ ಕಳಸೂ ಮಂದಿ ನಾವಲ್ಲ ಅಂತ ಹೇಳು."

"ಹಂಗಾರ ನಾ ಎದ್ದು ಹೋಕ್ಕೇನಿ ಅಂತ ಹೇಳು."

"ಹೋಗಾಕ ಹೇಳು."

ಗೋಡೆಯ ಮೇಲೆ ಕುದುರೆ ಸವಾರಿಯ ಹಾಗೆ ಕೂತಿದ್ದ ನಾನು ಆ ಕಡೆ ಈ ಕಡೆ ತಿರುಗಿ ತಿರುಗಿ ಕತ್ತು ನೋಯಿಸಿಕೊಂಡಿದ್ದೆ. ಚಿಗವ್ವನ ಮುಖ ನೋಡಿದೆ. ಅವಳು ಸೀರೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ನನ್ನ ತಲೆ ಕೆಟ್ಟುಹೋಯಿತು.

"ಎಳ್ಳು ಆಗೇತಿ!" ಎಂದು ಚೀರಿದೆ. "ಆಗಿ ಮೂರ ದಿನ ಆತು! ಮುಳ್ಳ ಬಂದಿಲ್ಲ, ಅಷ್ಟ! ಬೋಳ ಅದಾವು ಸಣ್ಣಾಯಿ, ಬೋಳ! ಬೋಳ ಅದಾವು, ಬೋಳ ಅದಾವು! ಬೋಳ ಇದ್ರ ಏನಾತು? ಕಟ್ಟಾಕ ಬರತೈತೋ ಇಲ್ಲೋ ಅಷ್ಟ ಹೇಳ್ರಿ, ನಂಗ ಸಾಕಾಗೇತಿ!"

ಆಯಿ ಪರಾತದಲ್ಲಿ ಆಡಿಸುತ್ತಿದ್ದ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಬೆರಳ ಗಿಣ್ಣುಗಳ ಮೇಲೆ ಸಕ್ಕರೆ ಒಣಗಿ ಬೆಳ್ಳಗಾಗಿತ್ತು. ಆ ಕೈಗಳಲ್ಲಿ ಬಳೆ ಇರಲಿಲ್ಲ. ಅಜ್ಜ ಇದ್ದಾಗ ಎಳ್ಳು ತಿರುಗಿಸುವಾಗೆಲ್ಲ ಹಸಿರು ಬಳೆ ಸದ್ದು ಮಾಡುತ್ತಿದ್ದವು, ನಾವು ಆ ಸದ್ದಿಗೇ ಏಳುತ್ತಿದ್ದೆವು. ಸಣ್ಣಾಯಿ ಎದ್ದು ನಿಂತು ಗೋಡೆಯ ಮೇಲಿಂದ ಆ ಸೆರಗನ್ನೇ ನೋಡಿದಳು. ದಾರ ಇನ್ನೂ ಅವಳ ಹೆಬ್ಬೆರಳಿಗೇ ಇತ್ತು, ಉಂಡೆ ಉರುಳಿಕೊಂಡು ಬಾಳೆಗಿಡದ ಬುಡಕ್ಕೆ ಹೋಗಿತ್ತು.

ಬೋಳು ಹಣೆ, ಬೋಳು ಕೈ ಎಂದು ಗಂಡ ಸತ್ತವರನ್ನು ಅನ್ನುತ್ತಾರೆ ಎಂದು ನನಗೆ ಅವ್ವ ಹೇಳಿದ್ದು ಆಮೇಲೆ, ಒಲೆಯ ಮುಂದೆ, ಕಿವಿ ಹಿಂಡುತ್ತ. ಆದರೆ ಸಣ್ಣಾಯಿಗೆ ತಾನು ಒಂದು ವರ್ಷದ ಹಿಂದೆ ಅಂದ ಮಾತು ಎಲ್ಲಿ ಹೋಗಿ ತಾಕಿತ್ತು ಎಂಬುದು ಆ ಗಳಿಗೆಯಲ್ಲಿ ತಿಳಿಯಿತು.

"ಅಕ್ಕಾರ," ಅಂದಳು. ನನ್ನ ಕಡೆ ನೋಡದೆ, ನೇರವಾಗಿ. "ನಾ ಅವತ್ತ ಅಂದಿದ್ದು ಎಳ್ಳಿಗೆರಿ."

ಆಯಿ ಅವಳತ್ತ ತಿರುಗಲಿಲ್ಲ. ಕೆಂಡ ನೋಡುತ್ತ ನನಗೆ ಹೇಳಿದಳು, "ಅಕಿಗೆ ಹೇಳು, ಎಳ್ಳಿಗೂ ಹಂಗ ಅನಬಾರದು."

"ಸಣ್ಣಾಯಿ, ಎಳ್ಳಿಗೂ..."

"ಕೇಳಿಸ್ತು ಬಿಡವಾ," ಅಂದಳು ಸಣ್ಣಾಯಿ. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಇನ್ನ ಅನ್ನೂದಿಲ್ಲ ಅಂತ ಹೇಳು. ಯಾವತ್ತೂ."

ಆಮೇಲೆ ಆಯಿ, "ಗ್ವಾಡಿ ದಾಟಿ ಬರಾಕ ಹೇಳು. ಓಣಿ ಸುತ್ತಿ ಬಂದ್ರ ಹೊತ್ತ ಹೋಕ್ಕೈತಿ."

ಆ ವಯಸ್ಸಿನಲ್ಲಿ ಸಣ್ಣಾಯಿ ಗೋಡೆ ದಾಟಿದ್ದನ್ನು ಬರೆಯಲು ನನಗೆ ಇನ್ನೊಂದು ಪುಟ ಬೇಕು. ಅವ್ವ ಒಂದು ಕೈ ಹಿಡಿದಳು, ಚಿಗವ್ವ ಇನ್ನೊಂದು. ಆಯಿ ಕೂತಲ್ಲಿಂದಲೇ, "ಎಡಗಾಲ ಮೊದಲ ಇಡಾಕ ಹೇಳು, ಬೀಳ್ತಾಳ ಹುಚ್ಚಿ," ಎಂದು ನನಗೆ ಹೇಳುತ್ತಿದ್ದಳು. ದಾರ ಹೆಬ್ಬೆರಳಿನಿಂದ ಬಾಳೆಯ ಬುಡದ ತನಕ ಎಳೆದುಕೊಂಡಿತ್ತು.

ಕೂತು ಕಟ್ಟತೊಡಗಿದರೆ ಇನ್ನೊಂದು ಫಜೀತಿ. ಮುಳ್ಳಿಲ್ಲದ ಕಾಳಿಗೆ ಮುಳ್ಳಗಂಟು ಹಾಕಿದರೆ ನಿಲ್ಲುವುದೇ ಇಲ್ಲ. ಬಿಗಿದಷ್ಟೂ ದಾರ ಜಾರುತ್ತಿತ್ತು, ಕಾಳು ಪುಳಕ್ಕೆಂದು ಹಾರುತ್ತಿತ್ತು, ನಾನು ಹುಡುಕಿ ತರುತ್ತಿದ್ದೆ. ದಾರವನ್ನು ಪಾಕದಲ್ಲಿ ಅದ್ದಿ ನೋಡಿದಳು, ಆಗಲಿಲ್ಲ. ಎರಡು ಸುತ್ತು ಹಾಕಿ ನೋಡಿದಳು, ಆಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಆಗ ಸಣ್ಣಾಯಿ ಒಂದು ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. ದಾರ ಅತ್ತ ಹೋಯಿತು, ಇತ್ತ ಬಂತು, ಕಾಳು ತನ್ನಲ್ಲೇ ಒಮ್ಮೆ ತಿರುಗಿತು, ಅವಳು ಹಲ್ಲಿನಿಂದ ತುದಿ ಎಳೆದಳು. ನಿಂತಿತು. ಆಯಿ ಆ ಕಾಳನ್ನು ಹಿಡಿದು ಜಗ್ಗಿ ನೋಡಿದಳು. ಅಲುಗಲಿಲ್ಲ.

ನಾನು ಅಷ್ಟು ಹತ್ತಿರ ಕೂತು ಕಣ್ಣು ಮಿಟುಕಿಸದೆ ಅವಳ ಬಲಗೈ ನೋಡುತ್ತಿದ್ದೆ. ಕೆಲಸವೆಲ್ಲ ಎಡಗೈಯಲ್ಲಿ ನಡೆದಿತ್ತು.

"ಇದಕ್ಕ ಏನ್ ಗಂಟು ಅಂತಾರ ಸಣ್ಣಾಯಿ?"

ಮುಳ್ಳಿದ್ದದ್ದಕ್ಕೆ ಮುಳ್ಳಗಂಟು. ಹಾಗಾದರೆ ಇದಕ್ಕೆ ಯಾವ ಹೆಸರು ಬರಬೇಕು ಎನ್ನುವುದು ಹಿತ್ತಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಣ್ಣಾಯಿಯ ತುಟಿ ತೆರೆಯಿತು. ಆಯಿಯನ್ನೊಮ್ಮೆ ನೋಡಿ ಮುಚ್ಚಿಕೊಂಡಿತು.

"ಇದಕ್ಕ ಹೆಸರಿಲ್ಲ. ಕಾಳ ಕೊಡು."

ಮರುದಿನ ಚಿಗವ್ವನನ್ನು ಜಗಲಿಯಲ್ಲಿ ಕೂರಿಸಿದರು. ಕಪ್ಪು ಸೀರೆಯ ಮೇಲೆ ಆ ಬಿಳುಪು! ಮುಳ್ಳಿನ ಕುಸುರೆಳ್ಳು ಇಬ್ಬನಿ ಬಿದ್ದ ಹುಲ್ಲಿನ ಹಾಗೆ ಕಾಣುತ್ತದೆ. ಇವು ಹಾಗಲ್ಲ, ನುಣ್ಣಗೆ ಹೊಳೆಯುತ್ತಿದ್ದವು. ಕೊರಳಿಗೆ ಟೀಕಿ, ಎದೆಯ ಮೇಲೆ ಎರಡೆಳೆಯ ಬೋರಮಾಳ, ಕಿವಿಯಲ್ಲಿ ಲವಂಗದ ಝುಮಕಿ. ಅಬಲೂರಿನಿಂದ ಬಂದ ಅವಳ ತಾಯಿ ಬಗ್ಗಿ ನೋಡಿ, "ಮುತ್ತೇನ್ರಿ ಬೀಗತ್ತಿ ಇವು?" ಎಂದು ಕೇಳಿದಳು. ಬಾಗಿಲ ಹಿಂದೆ ನಿಂತಿದ್ದ ಆಯಿ, "ಎಳ್ಳು," ಅಂದಳು. ಅಷ್ಟೇ ಅಂದಳು, ಆದರೆ ಕತ್ತು ಸ್ವಲ್ಪ ಉದ್ದವಾಗಿತ್ತು.

ತೊಡಿಸುವುದು ಮುತ್ತೈದೆಯರ ಕೆಲಸ, ಆಯಿ ಅದಕ್ಕೇ ದೂರ ನಿಂತಿದ್ದಳು. ಎಲ್ಲ ತೊಡಿಸಿದ ಮೇಲೆ ಸಣ್ಣಾಯಿಯ ಕೈಯಲ್ಲಿ ಎರಡು ಬಿಲ್ವಾರ ಉಳಿದವು. ಅವಳು ಸೊಂಟ ಹಿಡಿದುಕೊಂಡು, "ಅಕ್ಕಾರ, ನಿನ್ನೆ ಗ್ವಾಡಿ ಹಾರಿ ನನ್ನ ನಡಾ ಹೋಗೇತಿ, ಬಗ್ಗಾಕ ಬರವಲ್ದು. ಇಷ್ಟ ನೀವ ಹಾಕ್ರಿ," ಅಂದಳು. ಆಯಿ ತಲೆಯಾಡಿಸಿದಳು. ಚಿಗವ್ವ ಎದ್ದು, ಸರ ಹರಿಯದ ಹಾಗೆ ಮೆಲ್ಲಗೆ ನಡೆದು, ಬಾಗಿಲ ಹತ್ತಿರ ಹೋಗಿ ಎರಡೂ ಕೈ ಚಾಚಿದಳು. ಆಯಿ ಹಾಕಿದಳು. ಬೀಗರು ಏನಾದರೂ ಅಂದಾರೆಂದು ಅವ್ವ ಉಸಿರು ಬಿಗಿಹಿಡಿದಿದ್ದಳು, ಯಾರೂ ಏನೂ ಅನ್ನಲಿಲ್ಲ.

ಇಷ್ಟೆಲ್ಲ ಆದ ಮೇಲೆ ಏನು ಮಾಡಿದರು ಗೊತ್ತೇ? ಸಂಜೆ ವರದಾ ನದಿಯ ದಂಡೆಯಲ್ಲಿ ಕೂತು, ಶೇಂಗಾ ಹೋಳಿಗೆ ಮುಗಿಸಿ, ಆ ಬೋರಮಾಳವನ್ನು ಹರಿದು ಹಂಚಿಬಿಟ್ಟರು. ಅದೇ ಪದ್ಧತಿ. ಎಳ್ಳು ಕೊಟ್ಟು ಒಳ್ಳೆಯ ಮಾತಾಡೋಣ ಅನ್ನಬೇಕು, ಬಾಯಿಗೆ ಹಾಕಿಕೊಳ್ಳಬೇಕು. ಒಂದೇ ಒಂದು ಎಳೆ ನನಗೆ ಇಡಿ, ಶಾಲೆಯಲ್ಲಿ ತೋರಿಸುತ್ತೇನೆ ಎಂದು ಆಯಿಯ ಸೆರಗು ಹಿಡಿದು ಜಗ್ಗಿದೆ.

"ಇಟ್ರ ಇರವಿಗೆ, ಕೊಟ್ರ ನಾಲಿಗಿಗೆ," ಎಂದು ಒಂದು ಕಾಳು ನನ್ನ ಬಾಯಿಗೇ ತುರುಕಿದಳು.

ಸಣ್ಣಾಯಿ ಕೊನೆಯ ಕಾಳುಗಳನ್ನು ಆಯಿಯ ಅಂಗೈಗೆ ಸುರಿದಳು. ಇಬ್ಬರೂ ಏನು ಒಳ್ಳೆಯ ಮಾತಾಡಿದರೋ ಕೇಳಿಸಲಿಲ್ಲ, ನಾನು ಅಳುತ್ತಿದ್ದೆ. ಮರುದಿನದಿಂದ ಅವರು ನೇರವಾಗಿಯೇ ಜಗಳವಾಡತೊಡಗಿದರು, ಬೆಕ್ಕಿನ ಮೇಲೆ, ಮುಚ್ಚಳದ ಮೇಲೆ, ಬಾಳೆಯ ಗೊನೆಯ ಮೇಲೆ. ನನ್ನ ಕೆಲಸ ಹೋಯಿತು. ಗೋಡೆಯ ಮೇಲಿನ ಗೀಟುಗಳು ಮುಂದಿನ ಮಳೆಗೆ ತೊಳೆದುಹೋದವು.

ಆಯಿ ಈಗಿಲ್ಲ. ಆ ಪರಾತ ಇದೆ, ಅದರಲ್ಲಿ ನಾನು ಮಾಡಿದ ಕುಸುರೆಳ್ಳು ಇದೆ, ಮುಳ್ಳು ಮಾತ್ರ ಇಲ್ಲ. ಮುಳ್ಳು ಬರುವಂಥ ಚಳಿಯೂ ಈಗೀಗ ಅಪರೂಪ. ಹೋದ ವಾರ ಶಿಗ್ಗಾಂವಿಯ ಅಂಗಡಿಯೊಂದರಲ್ಲಿ ಕುಸುರೆಳ್ಳಿನ ಆಭರಣದ ಪೆಟ್ಟಿಗೆ ನೋಡಿದೆ. ರಟ್ಟಿನ ಮೇಲೆ ಅಂಟಿನಿಂದ ಕಾಳು ಹಚ್ಚಿದ್ದಾರೆ, ನಡುನಡುವೆ ಜರಿ. ಚೆಂದವೇನೋ ಇದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ತಿನ್ನಬಾರದು' ಎಂದು ಬರೆದಿದೆ. ತಿನ್ನಲಾಗದ ಎಳ್ಳನ್ನು ಕೂಸಿನ ಕೊರಳಿಗೆ ಕಟ್ಟಿ, ಆಮೇಲೆ ಯಾರಿಗೆ ಏನು ಕೊಟ್ಟು ಒಳ್ಳೆಯ ಮಾತಾಡುವುದು? ಕಪಾಟಿನಲ್ಲಿಟ್ಟುಕೊಂಡು ಮುಂದಿನ ವರ್ಷವೂ ಅದನ್ನೇ ಹಾಕಬಹುದು ಎಂದ ಅಂಗಡಿಯವ. ಹತ್ತು ವರ್ಷದ ಹುಡುಗಿಯಾಗಿ ನಾನು ಬೇಡಿ ಅತ್ತದ್ದು ಇದನ್ನೇ ಅಲ್ಲವೇ ಎಂದು ನೆನಪಾಗಿ ಇನ್ನೂ ಸಿಟ್ಟು ಬಂತು.

ಚಿಗವ್ವನಿಗೆ ಫೋನ್ ಮಾಡಿ ಕೇಳಿದೆ. ತೊಟ್ಟವಳು ಅವಳು, ಗಂಟು ನೋಡಿರಬೇಕಲ್ಲ. "ನನಗ ಕೊರಳ ತುರಸ್ತಿತ್ತು ಶೈಲಿ, ಅದ ನೆನಪೈತಿ. ಮತ್ತ ಜಂಪರಿನಾಗ ಇರವಿ ಹೊಕ್ಕಿದ್ವು," ಅಂದಳು.

ಸಣ್ಣಾಯಿ ಇದ್ದಾಳೆ. ಈಗ ನಮ್ಮ ಜೊತೆಗೇ ಇದ್ದಾಳೆ, ನಡುವಿನ ಗೋಡೆ ಒಡೆದು ಮನೆ ಒಂದು ಮಾಡಿದ್ದೇವೆ. ಬೆರಳು ಮಡಿಚಲು ಬರುವುದಿಲ್ಲ, ಬಾಯಿ ಮಾತ್ರ ಚುರುಕಾಗಿದೆ. ಈ ವಾರ ದಿನಾ ಕೇಳುತ್ತಿದ್ದೇನೆ.

"ಸಣ್ಣಾಯಿ, ಆ ವರ್ಷ ಎಳ್ಳಿಗೆ ಮುಳ್ಳ ಬಂದಿರಲಿಲ್ಲಲ್ಲ, ಆವಾಗ ನೀ ಹಾಕಿದ ಗಂಟು ಹೇಳಿಕೊಡು."

"ಯಾವ ವರ್ಷ?"

"ಚಿಗವ್ವನ ಮೊದಲ ಸಂಕ್ರಮಣ."

"ಅವತ್ತ ಬಂದಿದ್ವಲ್ಲ! ಏನ್ ಮುಳ್ಳಂತಿ! ಕೈಗೆ ಚುಚ್ಚತಿದ್ವು."

"ಇಲ್ಲ ಸಣ್ಣಾಯಿ, ನಾ ಅಲ್ಲೇ ಗ್ವಾಡಿ ಮ್ಯಾಲ ಕುಂತಿದ್ನಿ. ಒಂದೂ ಮುಳ್ಳ ಇರಲಿಲ್ಲ."

"ನೀ ಸಣ್ಣಾಕಿ ಇದ್ದಿ, ನಿಂಗೇನ ಗೊತ್ತು? ಅಕ್ಕನ ಕೈಯಾಗ ಮುಳ್ಳ ಬರಲಾರದ ವರ್ಷ ಇಲ್ಲ."

ಇನ್ನೇನು ಹೇಳುವುದು? ಮುಳ್ಳಿಲ್ಲದ ಎಳ್ಳೇ ಇರಲಿಲ್ಲ ಅಂದ ಮೇಲೆ ಆ ಗಂಟೂ ಇರಲಿಲ್ಲ. ಹಾಕಿದ ಗಂಟನ್ನು ಅಂದೇ ತಿಂದು ಮುಗಿಸಿದೆವು, ಹಾಕಿದವಳು ಹಾಕಲೇ ಇಲ್ಲ ಎನ್ನುತ್ತಿದ್ದಾಳೆ. ಹೆಸರೂ ಇಲ್ಲದ್ದನ್ನು ಯಾರ ಮುಂದೆ ಏನೆಂದು ಕೇಳಲಿ?

ಅದಕ್ಕೇ ಓದುಗರನ್ನು ಕೇಳುತ್ತಿದ್ದೇನೆ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ನಮ್ಮ ಸವಣೂರು, ಯಾವ ಕಡೆಯಾದರೂ ಸರಿ, ಚಳಿ ಬಾರದ ವರ್ಷ ನುಣುಪು ಕುಸುರೆಳ್ಳಿಗೆ ದಾರ ನಿಲ್ಲಿಸಲು ಬಲ್ಲವರು ನಿಮ್ಮ ಮನೆಯಲ್ಲಿದ್ದರೆ, ಅವರ ಎದುರು ಕೂತು ದಯವಿಟ್ಟು ಎಡಗೈಯನ್ನು ನೋಡಿ, ನೋಡಿದ್ದನ್ನು ಈ ಪತ್ರಿಕೆಗೆ ಬರೆದು ಕಳಿಸಿ. ಗಂಟಿಗೆ ನಿಮ್ಮೂರಿನಲ್ಲಿ ಏನು ಹೆಸರಿದ್ದರೂ ಬರೆಯಿರಿ. ಆ ಒಂದು ಪದ ಮಾತ್ರ ಬೇಡ. ಬಂದ ಪತ್ರಗಳನ್ನು ಸಣ್ಣಾಯಿಗೆ ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನೇ.